ಹೆಂಡ್ತಿ ಜೋಕು ಸಾಕು, ಇನ್ನು ಹೆಂಡ್ತಿಯೇ ಬರೀಲಿ

‘ಮೇಡಂ, ನನಗೆ ನಗೆನಾಟಕ ಬರೆಯೋ ಹುಚ್ಚು. ಟೀವಿಯ ಕಾಮಿಡಿ ಷೋಗಳಿಗೆ ಸ್ಕ್ರಿಪ್ಟ್ ಬರೀಬೇಕು ಅಂತ ಆಸೆ. ಆದರೆ ನಾನಿರೋದು ರಾವೂರದಲ್ಲಿ. ಎಲ್ಲಿಂದ ಶುರು ಮಾಡಬೇಕು, ಯಾರನ್ನು ಕೇಳಬೇಕು, ಒಂದೂ ಗೊತ್ತಿಲ್ಲ. ಯಜಮಾನರನ್ನು ಕೇಳಿದರೆ, ಹೆಂಗಸರು ಜೋಕು ಬರೆಯೋದೇನು, ನೀನೇ ಒಂದು ಜೋಕು ಅಂತಾರೆ. ಹೋದ ವರ್ಷ ನಮ್ಮ ಹೆಣ್ಣುಮಕ್ಕಳ ಕಾರ್ಯಕ್ರಮಕ್ಕೆ ಒಂದು ಪ್ರಹಸನ ಬರೆದುಕೊಟ್ಟೆ. ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಬರೆದವರು ಯಾರು ಅಂತ ಮಾತ್ರ ಮೈಕಿನಲ್ಲಿ ಒಬ್ಬರೂ ಹೇಳಲಿಲ್ಲ.’

ಚಿತ್ತಾಪುರ ತಾಲ್ಲೂಕಿನ ರಾವೂರದಿಂದ ಬಂದ ಈ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಯಜಮಾನರ ಮೇಲಲ್ಲ ಬಿಡಿ. ಪಾಪ, ಅವರು ವೇದಿಕೆಯಲ್ಲಿ, ಟೀವಿಯಲ್ಲಿ, ಈಗ ಮೊಬೈಲಿನಲ್ಲಿ ಕೇಳಿದ್ದನ್ನೇ ತಿರುಗಿ ಹೇಳಿದ್ದಾರೆ. ಹೆಂಡತಿಯ ಅಡುಗೆ ಒಂದು ಜೋಕು, ಹೆಂಡತಿಯ ತೂಕ ಒಂದು ಜೋಕು, ಹೆಂಡತಿಯ ಸೀರೆ ಖರೀದಿ ಒಂದು ಜೋಕು. ಅವಳು ತವರಿಗೆ ಹೋದರೆ ಗಂಡನಿಗೆ ಹಬ್ಬ ಅನ್ನೋದಂತೂ ಅಜ್ಜನ ಕಾಲದ ಜೋಕು. ಗಂಡಸೊಬ್ಬ ಸೀರೆ ಉಟ್ಟು ಬಂದರೆ ಸಾಕು, ಬಾಯಿ ತೆರೆಯುವ ಮೊದಲೇ ಚಪ್ಪಾಳೆ. ನಾವೂ ಬಟಾಣಿ ಸುಲಿಯುತ್ತಾ ಕೂತು ನಗುತ್ತೇವೆ. ನಗಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಇದನ್ನೆಲ್ಲ ಬರೆದವರು ಯಾರು? ಹೆಚ್ಚಾಗಿ ಗಂಡಸರೇ ಅಲ್ಲವೇ? ಮನೆಯ ನಗುವನ್ನು ಒಲೆಯ ಪಕ್ಕ ನಿಂತು ನೋಡಿ ಬರೆದವರು ಬಹಳ ಕಡಿಮೆ.

ಆದ್ದರಿಂದ ಈ ಸೋದರಿಗೂ, ಇದೇ ಆಸೆಯನ್ನು ಮನಸ್ಸಿನ ಮೂಲೆಯಲ್ಲಿ ಮುಚ್ಚಿಟ್ಟುಕೊಂಡ ಪೇಟೆಯ ಗೃಹಿಣಿಯರಿಗೂ ನಾನು ಹೇಳೋದು ಇಷ್ಟೇ: ಖಂಡಿತ ಬರೆಯಿರಿ. ಆದರೆ ಪೆನ್ನು ಹಿಡಿಯುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ಈ ನಗು ಯಾರ ಮೇಲೆ? ಇದು ಗಟ್ಟಿಯಾದರೆ ಉಳಿದದ್ದೆಲ್ಲ ಕಲಿತುಕೊಳ್ಳಬಹುದಾದ ಕೆಲಸ.

ದಾರಿ ಮಾಡಿಕೊಟ್ಟವರಿದ್ದಾರೆ

‘ಹೆಂಗಸರಿಗೆ ಹಾಸ್ಯ ಬರೆಯೋಕೆ ಬರಲ್ಲ’ ಅನ್ನೋರಿಗೆ ಟಿ. ಸುನಂದಮ್ಮನವರ ಹೆಸರು ಹೇಳಿ. ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು 1942ರಲ್ಲಿ ‘ಕೊರವಂಜಿ’ ಎಂಬ ನಗೆ ಮಾಸಪತ್ರಿಕೆ ಶುರು ಮಾಡಿದರು. ಆ ಪತ್ರಿಕೆಯಲ್ಲಿ ಬರೆದು ಹೆಸರಾದವರು ಸುನಂದಮ್ಮ (1917-2006). ಕನ್ನಡದ ಮೊದಲ ಹಾಸ್ಯ ಲೇಖಕಿ ಅಂತಲೇ ಅವರನ್ನು ಕರೆಯುತ್ತಾರೆ. ಗಂಡ, ಹೆಂಡತಿ, ಮನೆಗೆ ಬಂದವರು, ಕೈಯಲ್ಲಿ ಹಿಡಿಯುವ ‘ಜಂಬದ ಚೀಲ’, ಇವೇ ಅವರಿಗೆ ವಸ್ತು. ಮುಂದೆ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದದ್ದೂ ಇವರೇ. ನಗಿಸುವ ಹೆಂಗಸನ್ನು ಗಂಭೀರ ಲೇಖಕಿಯರು ತಮ್ಮ ನಾಯಕಿ ಅಂತ ಒಪ್ಪಿಕೊಂಡರು ಅನ್ನೋದು ಸಣ್ಣ ಮಾತಲ್ಲ. ಅವರ ನಂತರ ಭುವನೇಶ್ವರಿ ಹೆಗಡೆಯವರು ಲಲಿತ ಪ್ರಬಂಧದಲ್ಲಿ ನಗಿಸಿದರು. ಸುಧಾ ಬರಗೂರು, ಇಂದುಮತಿ ಸಾಲಿಮಠ ಅವರು ಮೈಕ್ ಹಿಡಿದು ಸಭೆಯನ್ನೇ ನಗಿಸುತ್ತಾರೆ.

ಇನ್ನು ಸ್ಕ್ರಿಪ್ಟಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 1951ರಲ್ಲಿ ‘ಐ ಲವ್ ಲೂಸಿ’ ಎಂಬ ಟೀವಿ ಧಾರಾವಾಹಿ ಬಂತು. ಜಗತ್ತಿನ ಸಾಂಸಾರಿಕ ಹಾಸ್ಯ ಧಾರಾವಾಹಿಗಳಿಗೆಲ್ಲ ಅದು ಹಿರಿಯಕ್ಕ ಇದ್ದ ಹಾಗೆ. ಅದರ ಮುಖ್ಯ ಬರಹಗಾರರಲ್ಲಿ ಒಬ್ಬರು ಮ್ಯಾಡೆಲಿನ್ ಪ್ಯೂ ಎಂಬ ಮಹಿಳೆ. ನಾಯಕಿ ಮಾಡಬೇಕಾದ ಪೇಚಾಟಗಳನ್ನು ಬರೆದು ಕೈತೊಳೆದುಕೊಳ್ಳದೆ, ಹೆಂಗಸೊಬ್ಬಳಿಗೆ ಅದು ಸಾಧ್ಯವೇ ಅಂತ ಮೊದಲು ತಾವೇ ಮಾಡಿ ನೋಡುತ್ತಿದ್ದರಂತೆ. ಈ ಅಭ್ಯಾಸ ನಾವೂ ಕಲಿಯಬೇಕಾದದ್ದು. ಬರೆದ ಸನ್ನಿವೇಶವನ್ನು ನಿಮ್ಮ ಅಡುಗೆಮನೆಯಲ್ಲಿ ಒಮ್ಮೆ ಮಾಡಿ ನೋಡಿ. ಮೂರು ಕೈ ಬೇಕಾಗುವ ಕೆಲಸವನ್ನು ಎರಡು ಕೈಯವಳಿಗೆ ಬರೆದಿದ್ದರೆ ಅಲ್ಲೇ ಗೊತ್ತಾಗುತ್ತೆ.

ರಾವೂರದ ಮಾತೇ ಬಂಡವಾಳ

ಪತ್ರದ ಸೋದರಿ ‘ನಾನಿರೋದು ರಾವೂರದಲ್ಲಿ’ ಅಂತ ಕೊರತೆಯ ಹಾಗೆ ಬರೆದಿದ್ದಾರೆ. ಅದೇ ಅವರ ಆಸ್ತಿ ಅನ್ನೋದು ನನ್ನ ಅಭಿಪ್ರಾಯ. ಪಕ್ಕದಲ್ಲೇ ವಾಡಿ ಜಂಕ್ಷನ್ನು, ದೇಶದ ನಾನಾ ಮೂಲೆಯ ರೈಲು ಅಲ್ಲಿ ನಿಲ್ಲುತ್ತೆ. ಸುತ್ತ ಸಿಮೆಂಟ್ ಫ್ಯಾಕ್ಟರಿ, ಕಲ್ಲಿನ ಗಣಿ. ನಮ್ಮಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಹಾಕಿದ ಶಹಾಬಾದ್ ಕಲ್ಲು ಆ ಸೀಮೆಯದೇ. ಒಂದೇ ಓಣಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಕಿವಿಗೆ ಬೀಳುತ್ತೆ. ನಗೆ ಬರಹಗಾರ್ತಿಗೆ ಇದಕ್ಕಿಂತ ಏನು ಬೇಕು?

ಆದರೆ ಇಲ್ಲೂ ಒಂದು ಎಚ್ಚರಿಕೆ. ನಮ್ಮ ಸಿನಿಮಾ, ಟೀವಿಯವರು ಕಲಬುರಗಿ ಕಡೆಯ ಮಾತನ್ನು ಬಳಸೋದು ಹೆಚ್ಚಾಗಿ ಯಾವಾಗ? ಪೆದ್ದ ಆಳೊಬ್ಬ ಬೇಕಾದಾಗ, ಮೊದಲ ಸಲ ಬೆಂಗಳೂರು ನೋಡಿ ಬಾಯಿ ಬಿಡುವ ಪಾತ್ರ ಬೇಕಾದಾಗ. ಅಲ್ಲಿ ಮಾತೇ ಜೋಕು, ಮಾತಾಡುವವನೇ ಜೋಕು. ಹೆಂಡತಿ ಜೋಕಿನ ಕಥೆಯೂ ಇದೇ ತಾನೇ? ಬೀಚಿಯವರನ್ನು ಗುರು ಅಂತ ನಂಬಿದ ಗಂಗಾವತಿ ಪ್ರಾಣೇಶರು ತಮ್ಮ ಸೀಮೆಯ ಮಾತಿನಲ್ಲೇ ರಾಜ್ಯವನ್ನೆಲ್ಲ ನಗಿಸಿ ತೋರಿಸಿದ್ದಾರೆ. ಅಲ್ಲಿ ಆ ಮಾತು ಆಡುವವನೇ ಜಾಣ, ಕೇಳುವವರು ಅವನ ಜೊತೆ ನಗುತ್ತಾರೆ. ನೀವು ಹಿಡಿಯಬೇಕಾದ ದಾರಿ ಅದು.

ಉದಾಹರಣೆಗೆ ಒಂದು ತುಣುಕು ನೋಡಿ. ಮನೆಯಲ್ಲಿ ಎರಡೇ ರೊಟ್ಟಿ ಉಳಿದಿವೆ. ಮಧ್ಯಾಹ್ನ ಮೂರು ಗಂಟೆ. ಬಾಗಿಲಲ್ಲಿ ದೂರದ ನೆಂಟರು.

ನೆಂಟ: ಬ್ಯಾಡ್ರಿ ಅಕ್ಕೋರೆ, ಊಟ ಮಾಡಿಕೊಂಡೇ ಬಂದೀವಿ.

ಆಕೆ (ಒಳಗೊಳಗೇ ಹಿಗ್ಗಿ): ಹಂಗಂದ್ರ ಹ್ಯಾಂಗ್ರಿ? ಒಂದ್ ರೊಟ್ಟಿನಾದ್ರೂ ತಿನ್ರಿ.

ನೆಂಟ: ಇಲ್ರಿ, ಹೊಟ್ಟಿ ಭರ್ತಿ ಅದ.

ಆಕೆ (ಧೈರ್ಯ ಬಂದು): ನಮ್ ಮನಿಗೆ ಬಂದು ಉಪಾಸ ಹೋಗಬ್ಯಾಡ್ರಿ. ನನ್ನಾಣೆ ಅದ!

ನೆಂಟ: ಆಣೆ ಹಾಕಿದ್ರ ಏನ್ ಮಾಡಬೇಕ್ರಿ... ಆಯ್ತು, ಎಲ್ಲಾರೂ ಒಂದೊಂದು ತಿಂತೀವಿ.

ಆಕೆ: ಎಲ್ಲಾರೂ ಅಂದ್ರ?

ನೆಂಟ: ಜೀಪಿನ್ಯಾಗ ಇನ್ನಾ ಒಂಬತ್ ಮಂದಿ ಅದಾರ್ರಿ.

ಇದರಲ್ಲಿ ಯಾರನ್ನೂ ಹೀಯಾಳಿಸಿಲ್ಲ. ಆಕೆಯ ಮನಸ್ಸಿನಲ್ಲಿ ಇರೋದು ಒಂದು, ಸಂಪ್ರದಾಯ ಅವಳ ಬಾಯಲ್ಲಿ ಆಡಿಸೋದು ಇನ್ನೊಂದು. ಈ ಎರಡರ ನಡುವೆ ಸಿಕ್ಕಿಬಿದ್ದದ್ದೇ ನಗು. ಮಾತನ್ನು ಮೈಸೂರು ಕಡೆಗೆ ಬದಲಾಯಿಸಿದರೂ ಸನ್ನಿವೇಶ ನಿಲ್ಲುತ್ತೆ. ಆದರೆ ‘ನನ್ನಾಣೆ ಅದ’ ಅನ್ನೋದರ ಖಾರ ಕಮ್ಮಿಯಾಗುತ್ತೆ, ಅಷ್ಟೆ.

ಐದು ನಿಮಿಷದಿಂದ ಶುರು

ಮೊದಲೇ ಧಾರಾವಾಹಿ, ಸಿನಿಮಾ ಅಂತ ಹೊರಡಬೇಡಿ. ಐದು ನಿಮಿಷದ ಪ್ರಹಸನ ಬರೆಯಿರಿ. ಸಾಮಾನ್ಯವಾಗಿ ಸ್ಕ್ರಿಪ್ಟಿನ ಒಂದು ಪುಟಕ್ಕೆ ಒಂದು ನಿಮಿಷ ಅನ್ನೋದು ಲೆಕ್ಕ. ಅಂದರೆ ಐದು ಪುಟ. ಎರಡು ಅಥವಾ ಮೂರು ಪಾತ್ರ, ಒಂದೇ ಜಾಗ, ಒಂದೇ ತೊಂದರೆ. ಪ್ರತಿ ದೃಶ್ಯದ ಮೇಲೆ ಮನೆಯ ಒಳಗೋ ಹೊರಗೋ, ಹಗಲೋ ರಾತ್ರಿಯೋ ಬರೆಯಿರಿ. ಮಾಡುವ ಕೆಲಸವನ್ನು ಒಂದು ಸಾಲಿನಲ್ಲಿ, ಆಡುವ ಮಾತನ್ನು ಪಾತ್ರದ ಹೆಸರಿನ ಮುಂದೆ ಬರೆಯಿರಿ. ‘ಅವಳಿಗೆ ಬೇಜಾರಾಯಿತು’ ಅಂತ ಬರೆದರೆ ಕ್ಯಾಮೆರಾಕ್ಕೆ ಕಾಣೋಲ್ಲ. ‘ಪಾತ್ರೆಯನ್ನು ಜೋರಾಗಿ ಕುಕ್ಕಿದಳು’ ಅಂದರೆ ಕಾಣುತ್ತೆ, ಕೇಳಿಸುತ್ತೆ.

ಮೊದಲು ಪಾತ್ರ, ಆಮೇಲೆ ಜೋಕು. 2000ರ ದಶಕದಲ್ಲಿ ಈಟೀವಿಯಲ್ಲಿ ಬರುತ್ತಿದ್ದ ‘ಸಿಲ್ಲಿ ಲಲ್ಲಿ’ ನೆನಪಿದೆಯಾ? ಸಮಾಜಸೇವಕಿ ಲಲಿತಾಂಬನನ್ನು ಯಾವ ಪರಿಸ್ಥಿತಿಗೆ ತಳ್ಳಿದರೂ ಅವಳು ಸಮಾಜಸೇವಕಿಯೇ. ಆ ಒಂದು ಹುಚ್ಚೇ ಅಷ್ಟೊಂದು ಕಂತುಗಳಿಗೆ ಅನ್ನ ಹಾಕಿತು. ನಿಮ್ಮ ಪಾತ್ರಕ್ಕೂ ಇಂಥ ಒಂದು ಹುಚ್ಚು ಕೊಡಿ. ಏನನ್ನೂ ಬಿಸಾಡದ ಅತ್ತೆ, ಯಾವ ಕೆಲಸಕ್ಕೂ ‘ಎರಡೇ ನಿಮಿಷ’ ಅನ್ನುವ ಗಂಡ, ಎಲ್ಲ ರೋಗಕ್ಕೂ ಮದ್ದು ಹೇಳುವ ಪಕ್ಕದ್ಮನೆಯವರು. ಆಮೇಲೆ ಆ ಹುಚ್ಚಿಗೆ ಅಡ್ಡಿ ತನ್ನಿ. ನಗು ತಾನಾಗೇ ಬರುತ್ತೆ.

ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ಕತ್ತರಿ ಹಾಕಿ. ಆಮೇಲೆ ನಿಮ್ಮನ್ನು ಮೆಚ್ಚಿಸಬೇಕಾದ ಅಗತ್ಯವಿಲ್ಲದ ಇಬ್ಬರಿಗೆ ಓದಿ ಹೇಳಿ. ‘ಚೆನ್ನಾಗಿದೆ’ ಅಂದದ್ದನ್ನು ಬರೆದಿಟ್ಟುಕೊಳ್ಳಬೇಡಿ. ಎಲ್ಲಿ ನಕ್ಕರು, ಎಲ್ಲಿ ಸುಮ್ಮನಿದ್ದರು ಅನ್ನೋದನ್ನು ಬರೆದಿಟ್ಟುಕೊಳ್ಳಿ.

ಮನೆಯವರು ಮುನಿಸಿಕೊಂಡರೆ?

ಇದು ನಿಜವಾದ ಕಷ್ಟ. ಗಂಡಸು ವೇದಿಕೆಯಲ್ಲಿ ಹೆಂಡತಿಯನ್ನು ಆಡಿಕೊಂಡರೆ ‘ತಮಾಷೆ’. ಸೊಸೆ ಪ್ರಹಸನದಲ್ಲಿ ಅತ್ತೆಯ ನಕಲು ತೆಗೆದರೆ ಆರು ತಿಂಗಳು ಮನೆಯಲ್ಲಿ ಮಾತಿಲ್ಲ! ಇದು ಅನ್ಯಾಯವೇ. ಆದರೂ ನನ್ನ ಸಲಹೆ: ಮನೆಯವರನ್ನು ಹಾಗೇ ಎತ್ತಿ ಪುಟಕ್ಕೆ ಇಳಿಸಬೇಡಿ. ನಾದಿನಿಯ ಮಾತು, ಬಸ್ಸಿನಲ್ಲಿ ಕಂಡವರ ಗತ್ತು, ನಿಮ್ಮದೇ ಜಿಪುಣತನ, ಮೂರನ್ನೂ ಕಲಸಿ ಒಂದು ಪಾತ್ರ ಮಾಡಿ. ಯಾರಿಗೂ ತಮ್ಮ ಮುಖ ಕಾಣಬಾರದು, ಎಲ್ಲರಿಗೂ ತಮ್ಮ ಸ್ವಭಾವ ಕಾಣಬೇಕು. ಕೈಲಾಗದವರನ್ನು, ಮೈಬಣ್ಣವನ್ನು, ಅಂಗವೈಕಲ್ಯವನ್ನು, ಜಾತಿಯನ್ನು ಮುಟ್ಟಲೇಬೇಡಿ. ಅಂಥ ನಗು ಸುಲಭ, ಆದರೆ ಅದು ಯಾರನ್ನೋ ಅಳಿಸಿ ಪಡೆದದ್ದು. ನಮ್ಮ ಮೇಲೆ ಇಷ್ಟು ವರ್ಷ ನಡೆದದ್ದನ್ನೇ ನಾವು ಇನ್ನೊಬ್ಬರ ಮೇಲೆ ಮಾಡಿದರೆ ಹೆಂಗಸು ಬರೆದು ಬಂದ ಭಾಗ್ಯವೇನು?

ಹೆಸರು ಬಿಟ್ಟುಕೊಡಬೇಡಿ

ಪತ್ರದಲ್ಲಿ ನನ್ನನ್ನು ತಟ್ಟಿದ್ದು ಕೊನೆಯ ಸಾಲು. ಊರೆಲ್ಲ ನಕ್ಕರೂ ಬರೆದವಳ ಹೆಸರಿಲ್ಲ. ಇದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ ಹಬ್ಬದ ಅಡುಗೆ ಮಾಡಿ ಹಿಂದೆ ನಿಲ್ಲುವ ಹಾಗೆ ಪ್ರಹಸನ ಬರೆದೂ ಹಿಂದೆ ನಿಲ್ಲುತ್ತೇವೆ. ಬೇಡ. ಕಾನೂನು ನಿಮ್ಮ ಪರ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನೀವು ಬದುಕಿರುವವರೆಗೆ, ಆಮೇಲೆ 60 ವರ್ಷ ಅದು ಉಳಿಯುತ್ತೆ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವಳು ನಾನು’ ಅನ್ನುವ ಹಕ್ಕು ನಿಮ್ಮಲ್ಲೇ ಇರುತ್ತೆ. ಆದರೆ ನೆನಪಿಡಿ, ಬಾಯಲ್ಲಿ ಹೇಳಿದ ಐಡಿಯಾಕ್ಕೆ ರಕ್ಷಣೆ ಇಲ್ಲ, ಬರೆದ ರೂಪಕ್ಕೆ ಮಾತ್ರ. ಹಾಗಾಗಿ ಯಾರಿಗಾದರೂ ಕಥೆ ಹೇಳುವ ಮೊದಲು ಪೂರ್ತಿ ಬರೆದು, ತಾರೀಖು ಹಾಕಿ, ನಿಮ್ಮ ಇಮೇಲಿಗೇ ಒಂದು ಪ್ರತಿ ಕಳಿಸಿಕೊಳ್ಳಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರಾದರೆ ಅಲ್ಲಿ ಸ್ಕ್ರಿಪ್ಟ್ ನೋಂದಾಯಿಸಿಕೊಳ್ಳಬಹುದು.

ಹಕ್ಕು ಕೊಡುವ ಒಪ್ಪಂದ ಬರವಣಿಗೆಯಲ್ಲೇ ಇರಬೇಕು. ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ ಕಾನೂನು ಐದು ವರ್ಷ ಅಂತ ಲೆಕ್ಕ ಹಾಕುತ್ತೆ. ಎಷ್ಟು ಹಣ, ಎಷ್ಟು ಕಂತು, ಪರದೆಯ ಮೇಲೆ ಹೆಸರು ಹೇಗೆ ಬರುತ್ತೆ ಅಂತ ಓದದೆ ಸಹಿ ಹಾಕಬೇಡಿ. ‘ಮೊದಲು ಬರೆದುಕೊಡಿ ಅಮ್ಮಾ, ಹೆಸರು ಆಮೇಲೆ ನೋಡೋಣ’ ಅಂದರೆ ನಯವಾಗಿ, ‘ಹೆಸರು ಮೊದಲು ಹೇಳಿ ಸಾರ್’ ಅನ್ನಿ. ಹೆಣ್ಣುಮಕ್ಕಳ ಕಾರ್ಯಕ್ರಮಕ್ಕೆ ಪುಕ್ಕಟೆ ಬರೆದುಕೊಟ್ಟರೂ ಸರಿ, ಮೊದಲ ಪುಟದಲ್ಲಿ ‘ರಚನೆ’ ಅಂತ ನಿಮ್ಮ ಹೆಸರಿರಲಿ, ನಿರೂಪಣೆ ಮಾಡುವವರ ಚೀಟಿಯಲ್ಲೂ ಇರಲಿ.

ಎಲ್ಲಿಗೆ ಕಳಿಸಬೇಕು?

ಹತ್ತಿರದ್ದನ್ನು ಮೊದಲು ನೋಡಿ. ಕಲಬುರಗಿಯಲ್ಲಿ 1966ರಿಂದ ಆಕಾಶವಾಣಿ ಕೇಂದ್ರವಿದೆ. ಬಾನುಲಿ ಪ್ರಹಸನ ಬರೆಯುವುದು ಒಳ್ಳೆಯ ತಾಲೀಮು. ಅಲ್ಲಿ ಮುಖ ಕಾಣೋಲ್ಲ, ಸೀರೆ ಉಟ್ಟ ಗಂಡಸೂ ಕಾಣೋಲ್ಲ, ಮಾತಿನ ಬಲದಲ್ಲೇ ನಗಿಸಬೇಕು. ಶಾಲೆಯ ವಾರ್ಷಿಕೋತ್ಸವ, ರಾಜ್ಯೋತ್ಸವ, ಅಪಾರ್ಟ್‌ಮೆಂಟಿನ ಗಣಪತಿ ಉತ್ಸವ, ಎಲ್ಲ ಕಡೆಯೂ ಪ್ರಹಸನ ಹುಡುಕುವವರಿದ್ದಾರೆ. ಇಂಥ ಐದಾರು ಪ್ರಯೋಗ ಆದ ಮೇಲೆ ಟೀವಿಯ ಮಾತು. ‘ಕಾಮಿಡಿ ಕಿಲಾಡಿಗಳು’ 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದಾಗ ನಾವೆಲ್ಲ ನೋಡಿದ್ದು ನಟರನ್ನು. ಆದರೆ ಇಂಥ ಷೋ ನಡೆಯಬೇಕಾದರೆ ವಾರ ವಾರ ಹೊಸ ಸ್ಕಿಟ್ ಬರೆಯುವ ಕೈಗಳು ಬೇಕು. ಧಾರಾವಾಹಿಗಳಲ್ಲೂ ಕಥೆ, ಚಿತ್ರಕಥೆ, ಸಂಭಾಷಣೆ ಎಷ್ಟೋ ಸಲ ಬೇರೆ ಬೇರೆಯವರ ಕೆಲಸ. ಮಾತು ಚೆನ್ನಾಗಿ ಬರೆಯುವವರು ಸಂಭಾಷಣೆಗೆ ಸಹಾಯಕಿಯಾಗಿ ಸೇರಿ ಕಲಿಯಬಹುದು. ಇದಕ್ಕೆ ಈಗ ಮನೆ ಬಿಟ್ಟು ಬೆಂಗಳೂರಲ್ಲೇ ಕೂರಬೇಕು ಅಂತಿಲ್ಲ, ಫೋನು, ಇಮೇಲಿನಲ್ಲೂ ಎಷ್ಟೋ ಬರವಣಿಗೆ ಓಡಾಡುತ್ತೆ. ಮೊದಲ ವರ್ಷ ಇದರಿಂದ ಮನೆ ನಡೆಯುತ್ತೆ ಅಂತ ಮಾತ್ರ ನಂಬಬೇಡಿ. ನೌಕರಿ ಇದ್ದರೆ ಬಿಡಬೇಡಿ.

ದಿನಕ್ಕೆ ಅರ್ಧ ಗಂಟೆ ಸಾಕು. ಮಕ್ಕಳು ಶಾಲೆಗೆ ಹೋದ ಮೇಲೆ, ಮೊದಲ ಕಪ್ ಚಹಾ ಆರುವ ಮೊದಲು ಒಂದು ಪುಟ. ಯಾರಾದರೂ ‘ಏನ್ ಬರೀತಿದ್ದೀಯ?’ ಅಂತ ಕೇಳಿದರೆ ‘ದಿನಸಿ ಪಟ್ಟಿ’ ಅಂತ ಸುಳ್ಳು ಹೇಳಬೇಡಿ. ‘ನಗೆನಾಟಕ ಬರೀತಿದ್ದೀನಿ’ ಅಂತಲೇ ಹೇಳಿ. ನಾಳೆ ಬೆಳಿಗ್ಗೆಯೇ ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಹೊದಿಕೆಯ ಮೇಲೆ ಮೊದಲು ಬರೆಯಬೇಕಾದದ್ದು ನಿಮ್ಮ ಪೂರ್ತಿ ಹೆಸರು.