ನಮ್ಮ ಕ್ಷೇತ್ರದ ಗೆರೆ ಎಳೆಯುವವರಾರು?

ಕರ್ನಾಟಕದ ವಿಧಾನ ಸಭೆಗೆ 1978ರಲ್ಲಿ ಜನರು 224 ಸದಸ್ಯರನ್ನು ಆರಿಸಿದರು. 2023ರಲ್ಲಿಯೂ ಆರಿಸಿದ್ದು 224 ಜನರನ್ನೇ. ನಡುವಿನ ನಲವತ್ತೈದು ವರ್ಷಗಳಲ್ಲಿ ಊರುಗಳು ಬೆಳೆದವು, ಎಷ್ಟೋ ಗಿರಣಿಗಳು ಮುಚ್ಚಿದವು, ಹಳ್ಳಿಯ ಜನ ಗಂಟುಮೂಟೆ ಕಟ್ಟಿಕೊಂಡು ನಗರ ಸೇರಿದರು. ಸದಸ್ಯರ ಸಂಖ್ಯೆ ಮಾತ್ರ ಕಲ್ಲಿನಲ್ಲಿ ಕೊರೆದಂತೆ ನಿಂತಿತು. ಅದು ಅಲುಗಾಡುವ ಕಾಲ ಈಗ ಹತ್ತಿರ ಬಂದಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಿ ಕೇಂದ್ರ ಸರ್ಕಾರವು 2025ರ ಜೂನ್‌ನಲ್ಲಿ ಪ್ರಕಟಣೆ ಹೊರಡಿಸಿತು. ಗಣತಿಯ ಬೆನ್ನಿಗೆ ಕ್ಷೇತ್ರಗಳ ಪುನರ್ವಿಂಗಡಣೆ ಬರತಕ್ಕದ್ದು. ಈ ವಿಷಯ ಎದ್ದಾಗಲೆಲ್ಲ ದಕ್ಷಿಣಕ್ಕೆ ಎಷ್ಟು ಲೋಕಸಭಾ ಸ್ಥಾನ, ಉತ್ತರಕ್ಕೆ ಎಷ್ಟು ಎಂಬ ಚರ್ಚೆಯೇ ಪತ್ರಿಕೆಗಳನ್ನು ತುಂಬುತ್ತದೆ. ಅದು ದೊಡ್ಡ ಪ್ರಶ್ನೆಯೇ ಸರಿ. ಆದರೆ ನಮ್ಮ ಓಣಿ ಯಾವ ವಿಧಾನ ಸಭಾ ಕ್ಷೇತ್ರಕ್ಕೆ ಸೇರುತ್ತದೆ, ಪಕ್ಕದ ಓಣಿ ಯಾವುದಕ್ಕೆ ಎಂದು ಕೇಳುವವರು ಕಡಮೆ. ನಾವು ಈ ವಾರ ಬರೆಯಹೊರಟಿರುವುದು ಆ ವಿಷಯವಾಗಿ.

ಮೊದಲು ಲೆಕ್ಕ. ಒಂದು ರಾಜ್ಯದೊಳಗೆ ಪ್ರತಿಯೊಂದು ಕ್ಷೇತ್ರದ ಜನಸಂಖ್ಯೆಯೂ ಸಾಧ್ಯವಾದಷ್ಟು ಸಮನಾಗಿರಬೇಕು, ಪ್ರತಿ ಜನಗಣತಿಯ ತರುವಾಯ ಅದನ್ನು ಸರಿಪಡಿಸಬೇಕು ಎಂದು ಸಂವಿಧಾನದ 170ನೆಯ ವಿಧಿ ಹೇಳುತ್ತದೆ. ಮೊದಮೊದಲು ಹಾಗೆಯೇ ನಡೆಯಿತು. 1952ರ ಮೈಸೂರು ವಿಧಾನ ಸಭೆಗೆ 99 ಸ್ಥಾನ, ರಾಜ್ಯ ಒಂದುಗೂಡಿದ ಮೇಲೆ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224. ಆ ಮೊದಲ ಚುನಾವಣೆಗಳಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಸದಸ್ಯರು ಬರುತ್ತಿದ್ದರೆಂಬುದನ್ನು ಹಿರಿಯರು ಹೇಳಿ ಕೇಳಿರಬಹುದು. 1952ರ 99 ಸದಸ್ಯರು ಬಂದದ್ದು 80 ಕ್ಷೇತ್ರಗಳಿಂದ. 1961ರ ಕಾಯಿದೆ ಆ ಪದ್ಧತಿಯನ್ನು ತೆಗೆದುಹಾಕಿತು.

ಅನಂತರ ಬಂದುದು ತುರ್ತು ಪರಿಸ್ಥಿತಿ. 1976ರ 42ನೆಯ ತಿದ್ದುಪಡಿಯು 1971ರ ಗಣತಿಯ ಮೇಲೆ ನಿಂತ ಸ್ಥಾನಸಂಖ್ಯೆಯನ್ನು 2000ದ ವರೆಗೆ ಕಟ್ಟಿಹಾಕಿತು. ಆ ಗಡುವು ಮುಗಿಯುತ್ತಲೇ 84ನೆಯ ತಿದ್ದುಪಡಿ ಬಂದು, 2026ರ ನಂತರ ನಡೆಯುವ ಮೊದಲ ಗಣತಿಯವರೆಗೆ ಅದನ್ನು ಮುಂದೂಡಿತು. ಕುಟುಂಬ ಯೋಜನೆಯಲ್ಲಿ ಮುಂದಾದ ರಾಜ್ಯಗಳಿಗೆ ಅನ್ಯಾಯವಾಗಬಾರದೆಂಬುದು ಇದಕ್ಕೆ ಕೊಟ್ಟ ಕಾರಣ. ರಾಜ್ಯ ರಾಜ್ಯಗಳ ನಡುವೆ ಪಾಲು ಮಾಡುವ ಲೋಕಸಭೆಗೆ ಈ ಕಾರಣ ಸಲ್ಲುತ್ತದೆ. ಒಂದೇ ರಾಜ್ಯದೊಳಗಿನ ವಿಧಾನ ಸಭೆಗೆ ಅದು ಹೇಗೆ ಸಲ್ಲುತ್ತದೆಂದು ನಮಗೆ ಇನ್ನೂ ಅರ್ಥವಾಗಿಲ್ಲ. ಫಲವೇನಾಯಿತೆಂದರೆ, 1971ರಲ್ಲಿ ರಾಜ್ಯದ ಜನಸಂಖ್ಯೆ 2 ಕೋಟಿ 93 ಲಕ್ಷ. 224 ಸ್ಥಾನಕ್ಕೆ ಹಂಚಿದರೆ ತಲಾ 1 ಲಕ್ಷ 31 ಸಾವಿರ ಜನ. 2011ರಲ್ಲಿ ಜನಸಂಖ್ಯೆ 6 ಕೋಟಿ 11 ಲಕ್ಷ; ತಲಾ 2 ಲಕ್ಷ 73 ಸಾವಿರ. ಶಾಸಕರ ಮನೆಯ ಬಾಗಿಲಿನಲ್ಲಿ ಅರ್ಜಿ ಹಿಡಿದು ನಿಲ್ಲುವ ಸಾಲು ಎರಡರಷ್ಟಾಯಿತು.

ಸ್ಥಾನದ ಸಂಖ್ಯೆ ಕದಲದಿದ್ದರೂ ಒಳಗಿನ ಗೆರೆಗಳು ಒಂದು ಸಲ ಬದಲಾದವು. 2002ರ ಕಾಯಿದೆಯಂತೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಗಣತಿಯನ್ನು ಹಿಡಿದು ಹೊಸ ಗೆರೆ ಎಳೆಯಿತು. ಆ ಗೆರೆಯ ಮೇಲೆ 2008ರ ಮೇ ತಿಂಗಳಲ್ಲಿ ಮೊಟ್ಟಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲೇ. 2013, 2018, 2023ರ ಚುನಾವಣೆಗಳೂ ಅದೇ ಗೆರೆಯ ಮೇಲೆ ನಡೆದವು. ಅಷ್ಟರಲ್ಲಿ ತೂಕ ಮತ್ತೆ ಕೆಟ್ಟಿತು. 2023ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಮತದಾರರು ಸುಮಾರು 7 ಲಕ್ಷ. ಶೃಂಗೇರಿಯಲ್ಲಿ ಸುಮಾರು 1 ಲಕ್ಷ 70 ಸಾವಿರ. ಬೆಂಗಳೂರಿನ ಅಂಚಿನಲ್ಲಿ ಬಾಡಿಗೆ ಕೋಣೆಯಲ್ಲಿರುವ ಕೂಲಿಯ ನಾಲ್ಕು ಓಟು ಶೃಂಗೇರಿಯ ಒಂದು ಓಟಿಗೆ ಸಮ. ನಮ್ಮ ಅಂಗಡಿಕಾರ ಬಂಧುಗಳು ಒಂದೇ ಅಂಗಡಿಯಲ್ಲಿ ಇಂಥ ಎರಡು ತಕ್ಕಡಿ ಇಟ್ಟುಕೊಂಡರೆ ತೂಕ ಅಳತೆ ಇಲಾಖೆಯವರು ಬಿಟ್ಟಾರೆಯೇ?

ಹಾಗೆಂದು ಇದನ್ನು ಬೆಂಗಳೂರಿಗೂ ಮಲೆನಾಡಿಗೂ ನಡುವಿನ ಜಗಳವೆಂದು ತಿಳಿಯಬಾರದು. 2008ರಲ್ಲಿ ಕೊಡಗಿನ ಸೋಮವಾರಪೇಟೆ ಕ್ಷೇತ್ರ ಇಲ್ಲವಾಯಿತು, ಮೂರಿದ್ದುದು ಎರಡಾಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೀರೂರು ಹೋಯಿತು. ಜನಸಂಖ್ಯೆಯ ಲೆಕ್ಕಕ್ಕೆ ಅದು ತಪ್ಪಲ್ಲ. 2011ರ ಗಣತಿಯಲ್ಲಿ ಕೊಡಗಿನ ಜನ ಐದೂವರೆ ಲಕ್ಷ, ಎರಡು ಸ್ಥಾನ ಸರಿಯಾಗಿಯೇ ಕೂಡುತ್ತದೆ. ಆದರೂ ಮಳೆಗಾಲದಲ್ಲಿ ರಸ್ತೆ ಕಡಿದುಹೋಗುವ ಸೀಮೆಯ ಮನುಷ್ಯನಿಗೆ ಶಾಸಕ ಎಷ್ಟು ಮೈಲಿ ದೂರದಲ್ಲಿದ್ದಾನೆಂಬುದು ಸಣ್ಣ ಮಾತಲ್ಲ. ಬೆಂಗಳೂರು ನಗರ ಜಿಲ್ಲೆಗೆ ಈಗಿರುವುದು 28 ಸ್ಥಾನ. 2011ರ ಲೆಕ್ಕ ಹಿಡಿದರೂ ಅದಕ್ಕೆ 35 ಸಲ್ಲಬೇಕು, ಹೊಸ ಗಣತಿಯಲ್ಲಿ ಇನ್ನೂ ಹೆಚ್ಚು. ಒಟ್ಟು 224 ಹೆಚ್ಚದೆ ಉಳಿದರೆ ಅವು ಬರುವುದು ಯಾವುದೋ ಜಿಲ್ಲೆಯ ಬಾಯಿಂದಲೇ. ಸಂವಿಧಾನವು ವಿಧಾನ ಸಭೆಗೆ 500ರವರೆಗೆ ಸದಸ್ಯರನ್ನು ಒಪ್ಪುತ್ತದೆ. ಆದ್ದರಿಂದ ಒಂದು ಸೀಮೆಯ ಸ್ಥಾನ ಕಿತ್ತು ಇನ್ನೊಂದಕ್ಕೆ ಕೊಡುವ ಬದಲು ಒಟ್ಟು ಸಂಖ್ಯೆಯನ್ನೇ ಹೆಚ್ಚಿಸಬೇಕೆಂಬುದು ನಮ್ಮ ಅಭಿಪ್ರಾಯ. ಶಾಸಕರ ಸಂಬಳದ ಖರ್ಚು ಹೆಚ್ಚೀತೆಂದು ಹೇಳುವವರಿದ್ದಾರೆ. ಸಂಬಳ ಕಡಮೆ ಮಾಡಲಿ!

ಇಷ್ಟು ಸಂಖ್ಯೆಯ ಮಾತಾಯಿತು. ದುಡಿಯುವ ಜನಕ್ಕೆ ಇದಕ್ಕಿಂತ ಹತ್ತಿರದ್ದು ಗೆರೆಯ ಮಾತು. ನಮ್ಮ ಚುನಾವಣೆಯಲ್ಲಿ ಒಂದು ಕ್ಷೇತ್ರದಲ್ಲಿ ಹೆಚ್ಚು ಓಟು ಪಡೆದವನಿಗೆ ಇಡೀ ಸ್ಥಾನ, ಮಿಕ್ಕವರಿಗೆ ಸೊನ್ನೆ. 2018ರಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ನೂರಕ್ಕೆ 38 ಓಟು, ಭಾರತೀಯ ಜನತಾ ಪಕ್ಷಕ್ಕೆ 36. ಆದರೆ 104 ಸ್ಥಾನ ಗೆದ್ದು ಮೊದಲು ನಿಂತದ್ದು ಎರಡನೆಯದು, ಕಾಂಗ್ರೆಸ್ಸಿಗೆ 80. 2023ರಲ್ಲಿ ಭಾರತೀಯ ಜನತಾ ಪಕ್ಷದ ಪಾಲು ಹೆಚ್ಚುಕಡಮೆ ಅದೇ 36. ಸ್ಥಾನ 66ಕ್ಕೆ ಇಳಿಯಿತು. ಯಾರ ಪರವಾಗಿಯೂ ಈ ಮಾತು ಹೇಳುತ್ತಿಲ್ಲ. ಓಟು ಎಷ್ಟು ಬಿತ್ತು ಎನ್ನುವಷ್ಟೇ ಎಲ್ಲಿ ಬಿತ್ತು ಎನ್ನುವುದೂ ಮುಖ್ಯ, ಆ ‘ಎಲ್ಲಿ’ ಎನ್ನುವುದನ್ನು ನಿರ್ಧರಿಸುವುದು ಗೆರೆ. ಮಾತಿಗೆ, ಗಿರಣಿ ಕೇರಿಗಳ ನಲವತ್ತು ಸಾವಿರ ಓಟು ಒಂದೇ ಕ್ಷೇತ್ರದಲ್ಲಿದ್ದರೆ ಯಾವ ಪಕ್ಷವೂ ಅವರ ಬಾಗಿಲು ತಟ್ಟದೆ ಗೆಲ್ಲಲಾರದು. ಅದನ್ನೇ ಮೂರು ಕ್ಷೇತ್ರಕ್ಕೆ ಹರಿದು ಹಂಚಿದರೆ ಮೂರರಲ್ಲಿಯೂ ಅವರು ಒಗ್ಗರಣೆಯ ಸಾಸುವೆ.

ದಾವಣಗೆರೆಯ ವಿಷಯ ನಮ್ಮ ಗಿರಣಿ ಓದುಗರಿಗೆ ಗೊತ್ತಿರುವುದೇ. ಹತ್ತಿ ಗಿರಣಿಗಳ ಆ ಊರು ಒಂದೇ ಕ್ಷೇತ್ರವಾಗಿದ್ದಾಗ 1978, 1983, 1985ರಲ್ಲಿ ಮೂರು ಬಾರಿ ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನ ಸಭೆಗೆ ಕಳುಹಿಸಿತು. ಮುಂದೆ ಗಿರಣಿಗಳು ಮುಚ್ಚುತ್ತ ಬಂದವು, 1989ರಲ್ಲಿಯೇ ಸ್ಥಾನ ಕೈಬಿಟ್ಟಿತು. ಅದಕ್ಕೆ ಗೆರೆ ಕಾರಣವಲ್ಲ. 2008ರಲ್ಲಿ ಊರು ಬೆಳೆದುದರಿಂದ ಉತ್ತರ, ದಕ್ಷಿಣ ಎಂದು ಎರಡು ಕ್ಷೇತ್ರವಾಯಿತು. ಊರು ಬೆಳೆದರೆ ಒಡೆಯಲೇಬೇಕು, ಅದನ್ನು ತಪ್ಪೆನ್ನಲಾಗದು. ಆದರೆ ಒಡೆಯುವಾಗ ಕತ್ತಿ ಯಾವ ಬೀದಿಯ ಮೇಲೆ ಹಾಯಬೇಕೆಂದು ಕಾರ್ಮಿಕರನ್ನು ಕೇಳುವ ಪದ್ಧತಿ ಎಲ್ಲಿಯೂ ಇಲ್ಲ. ಕೇಳದಿದ್ದರೂ ಹೋಗಿ ಹೇಳಬೇಕು. ಇನ್ನೊಂದು ನಿದರ್ಶನ ಮಲೆನಾಡಿನದು. 1951ರಲ್ಲಿ ಕಾಗೋಡಿನ ಗೇಣಿದಾರರು ಹೋರಾಡಿದರು. 1952ರಲ್ಲಿ ಸಾಗರ–ಹೊಸನಗರದ ಮತದಾರರು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿದರು. ಹೋರಾಡಿದ ನೆಲ, ಓಟು ಹಾಕಿದ ನೆಲ ಒಂದೇ ಗೆರೆಯೊಳಗಿದ್ದವು. ಮುಂದೆ ಹೊಸನಗರ ಬೇರೆ ಕ್ಷೇತ್ರವಾಗಿ, 2008ರಲ್ಲಿ ಅದೂ ಹೋಗಿ, ಆ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳ ನಡುವೆ ಹರಿದುಹಂಚಿತು. ತಾಲ್ಲೂಕು ಕಚೇರಿ ಒಂದು, ಶಾಸಕರು ಇಬ್ಬರು. ಇಬ್ಬರ ನೆಂಟ ಹಸಿದು ಸತ್ತ ಎಂಬ ಮಾತಿನಂತಾಗದಿದ್ದರೆ ಪುಣ್ಯ.

ಸಣ್ಣ ಅಂತರದ ಕತೆಯೂ ಇದರಲ್ಲೇ ಸೇರಿದ್ದು. 2023ರಲ್ಲಿ ಬೆಂಗಳೂರಿನ ಜಯನಗರ ನಿರ್ಧಾರವಾದದ್ದು 16 ಓಟಿನಲ್ಲಿ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಓಟಿನಿಂದ. ಒಂದು ಓಟಿನ ಬೆಲೆ ಹೇಳಲು ಆ ಹೆಸರನ್ನು ಇಂದಿಗೂ ಎಲ್ಲರೂ ಎತ್ತುತ್ತಾರೆ. ಆ ಸಂತೆಮರಹಳ್ಳಿ ಕ್ಷೇತ್ರವೇ 2008ರಲ್ಲಿ ನಕ್ಷೆಯಿಂದ ಹೋಯಿತೆಂಬುದನ್ನು ಹೇಳುವವರಿಲ್ಲ.

ಗೆರೆ ಎಳೆಯುವವರು ಯಾರು? 2002ರ ಕಾಯಿದೆಯ ಆಯೋಗದಲ್ಲಿ ಮೂವರು: ಸುಪ್ರೀಂ ಕೋರ್ಟಿನ ಹಾಲಿ ಅಥವಾ ಮಾಜಿ ನ್ಯಾಯಾಧೀಶರೊಬ್ಬರು ಅಧ್ಯಕ್ಷರು, ಮುಖ್ಯ ಚುನಾವಣಾ ಆಯುಕ್ತರು ಅಥವಾ ಅವರು ಹೆಸರಿಸಿದ ಆಯುಕ್ತರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಜೊತೆಗೆ ರಾಜ್ಯದಿಂದ ಐವರು ಲೋಕಸಭಾ ಸದಸ್ಯರು, ಐವರು ಶಾಸಕರು ಸಹಸದಸ್ಯರಾಗಿ ಕೂರುತ್ತಾರೆ. ಇವರಿಗೆ ಮಾತಾಡುವ ಹಕ್ಕುಂಟು, ಮತ ಹಾಕುವ ಹಕ್ಕಿಲ್ಲ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಗೆದ್ದ ಪಕ್ಷದ ಶಾಸಕರೇ ತಮ್ಮ ಕ್ಷೇತ್ರಗಳ ಗೆರೆ ಎಳೆದುಕೊಳ್ಳುತ್ತಾರೆ. ಅದಕ್ಕೆ ಹೋಲಿಸಿದರೆ ನಮ್ಮ ವ್ಯವಸ್ಥೆ ಎಷ್ಟೋ ಮೇಲು. ಆದರೆ ಆ ಕೋಣೆಯೊಳಗೆ ಮಾತಾಡಲು ಕೂರುವ ಹತ್ತು ಮಂದಿಯೂ ಹಳೆಯ ಗೆರೆಯಿಂದ ಗೆದ್ದು ಬಂದವರು. ತಮ್ಮ ಕೈಗೆ ಬಂದ ಬುತ್ತಿಯನ್ನು ಬಿಚ್ಚಿ ಹಂಚುವ ಆಸಕ್ತಿ ಅವರಿಗಿರುತ್ತದೆಂದು ನಂಬುವುದು ಕಷ್ಟ. ನ್ಯಾಯಾಲಯದ ದಾರಿಯೂ ಕಿರಿದು. ಮಧ್ಯಪ್ರದೇಶದ ಉಜ್ಜಯಿನಿಯ ಮೇಘರಾಜ ಕೊಠಾರಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ, ಆಯೋಗದ ಆದೇಶ ಪ್ರಕಟವಾದ ಮೇಲೆ ಅದನ್ನು ಪ್ರಶ್ನಿಸಲಾಗದೆಂದು ತೀರ್ಪಿತ್ತಿತು. ಗುಜರಾತಿನ ಬಾರ್ಡೋಲಿ ಕ್ಷೇತ್ರದ ಮೊಕದ್ದಮೆಯಲ್ಲಿ 2024ರಲ್ಲಿ ಅದೇ ಕೋರ್ಟು, ಆದೇಶವು ಕಣ್ಣಿಗೆ ಕಾಣುವಷ್ಟು ಮನಸ್ವಿಯಾಗಿದ್ದು ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ನೋಡಬಹುದೆಂದು ಬಾಗಿಲನ್ನು ತುಸು ಸರಿಸಿತು. ಒಂದು ಓಣಿ ಆ ಕಡೆ ಹೋಯಿತೆಂದು ದೂರುವ ಬಡವನಿಗೆ ಆ ಸಂದಿಯಲ್ಲಿ ನುಸುಳಲಾಗದು.

ಆದ್ದರಿಂದ ಮಾತಾಡಬೇಕಾದ ಸಮಯ ಒಂದೇ. 2002ರ ಕಾಯಿದೆಯಂತೆ ಆಯೋಗವು ಮೊದಲು ತನ್ನ ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಆಕ್ಷೇಪಗಳನ್ನು ಕೇಳಬೇಕು, ಸಾರ್ವಜನಿಕ ಸಭೆ ನಡೆಸಬೇಕು. ಹಿಂದಿನ ಬಾರಿ ನಡೆದ ಕ್ರಮ ಇದೇ, ಇದಕ್ಕಿಂತ ಕಡಮೆಯದನ್ನು ಮುಂದೆ ನಾವು ಒಪ್ಪಕೂಡದು. ಕ್ಷೇತ್ರವು ಒಂದಕ್ಕೊಂದು ಹೊಂದಿಕೊಂಡ ನೆಲವಾಗಿರಬೇಕು; ಬೆಟ್ಟ ಹೊಳೆ, ಆಡಳಿತದ ಗಡಿ, ಹೋಗಿಬರುವ ಸೌಕರ್ಯ, ಜನರ ಅನುಕೂಲ ಇವನ್ನು ನೋಡಬೇಕು ಎಂದೂ ಆ ಕಾಯಿದೆಯೇ ಹೇಳಿದೆ. ‘ಜನರ ಅನುಕೂಲ’ ಎಂಬ ಎರಡು ಪದ ನಮ್ಮ ಕೈಯಲ್ಲಿರುವ ಆಯುಧ. ಗಿರಣಿ ಕೇರಿಯ ನೀರಿನ ಕೊಳವೆ ಒಂದು, ಶಾಲೆ ಒಂದು, ಸಂತೆ ಒಂದು, ರೇಷನ್ ಅಂಗಡಿ ಒಂದು ಎಂದ ಮೇಲೆ ಕ್ಷೇತ್ರವೂ ಒಂದಿರಲೆಂದು ಬರೆದು ಕೊಡಬಹುದು. ಮೀಸಲು ಕ್ಷೇತ್ರಗಳೂ ಅದೇ ಆದೇಶದಲ್ಲಿ ನಿರ್ಧಾರವಾಗುತ್ತವೆ. 2008ರಲ್ಲಿ ಪರಿಶಿಷ್ಟ ಜಾತಿಗಳಿಗೆ 36, ಪಂಗಡಗಳಿಗೆ 15 ಗೊತ್ತಾದವು. 2023ರ 106ನೆಯ ತಿದ್ದುಪಡಿಯು ಮಹಿಳೆಯರಿಗೆ ಮೂರರಲ್ಲೊಂದು ಸ್ಥಾನವೆಂದು ಬರೆದು, ಅದನ್ನೂ ಪುನರ್ವಿಂಗಡಣೆಗೇ ಗಂಟುಹಾಕಿತು. ಬೀಡಿ ಕಟ್ಟುವ, ಗಾರ್ಮೆಂಟಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು ಆ ಸಭೆಗೆ ಬರಬೇಕಾದ ಕಾರಣ ಬೇರೆ ಹೇಳಬೇಕಿಲ್ಲ.

ಅದಕ್ಕೂ ಮುಂಚೆ ಬರುವುದು ಗಣತಿ. ಗೆರೆ ಎಳೆಯುವುದು ಮತದಾರರ ಪಟ್ಟಿ ನೋಡಿಕೊಂಡಲ್ಲ, ಜನಗಣತಿಯ ಸಂಖ್ಯೆ ನೋಡಿಕೊಂಡು. ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಸಂಸಾರವನ್ನು ಎಣಿಸುವುದು ಬೆಂಗಳೂರಿನಲ್ಲಿ. ಅವರ ಓಟು ಎಷ್ಟೋ ವೇಳೆ ಊರಿನಲ್ಲಿಯೇ ಉಳಿದಿರುತ್ತದೆ. ಅವರ ತಲೆ ಎಣಿಸಿ ಸ್ಥಾನ ಪಡೆಯುವ ಕ್ಷೇತ್ರ ಅವರ ಓಟಿಗೆ ಉತ್ತರ ಕೊಡಬೇಕಾಗಿಲ್ಲ, ಅವರು ಓಟು ಹಾಕುವ ಊರಿಗೆ ಅವರ ಲೆಕ್ಕದ ಸ್ಥಾನವಿಲ್ಲ. ಗುಡಾರದಲ್ಲಿರುವವರು, ಅಂಗಡಿಯ ಅಟ್ಟದ ಮೇಲೆ ಮಲಗುವ ಆಳುಗಳು, ರಾತ್ರಿ ಪಾಳಿಗೆ ಹೋಗಿ ಹಗಲು ಬಾಗಿಲು ಹಾಕಿಕೊಂಡು ನಿದ್ದೆ ಮಾಡುವವರು ಎಣಿಕೆಯಲ್ಲಿ ಬಿಟ್ಟುಹೋಗುವುದು ಸುಲಭ.

ಗಣತಿಯವರು ಬರುವ ವಾರ ಪ್ರತಿ ಓಣಿಯಲ್ಲಿ ಯಾರಾದರೊಬ್ಬರು ಮನೆ ಮನೆ ವಿಚಾರಿಸಿ, ಬಿಟ್ಟುಹೋದವರನ್ನು ಬರೆಸಬೇಕು. ಕಾರ್ಮಿಕ ಸಂಘದ ಶಾಖೆಗಳು, ವರ್ತಕರ ಸಂಘದವರು ತಮ್ಮ ತಮ್ಮ ವಾರ್ಡಿನ ಬೀದಿಗಳ ಹೆಸರು, ಮನೆಗಳ ಸಂಖ್ಯೆ, ನೀರು ಶಾಲೆ ಸಂತೆಗಳ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಲಿ. ಕರಡು ಹೊರಬಿದ್ದಾಗ ಆಕ್ಷೇಪಕ್ಕೆ ಅದೇ ಆಧಾರ. ಸಾರ್ವಜನಿಕ ಸಭೆಯ ದಿನ, ಸ್ಥಳ ಗೊತ್ತಾದೊಡನೆ ಈ ಪತ್ರಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕುತ್ತೇವೆ. ಹಗಲು ಪಾಳಿಯವರು ಆ ಒಂದು ದಿನ ಪಾಳಿ ಬದಲಿಸಿಕೊಳ್ಳುವ ವಿಷಯವನ್ನು ಈಗಿನಿಂದಲೇ ಮೇಸ್ತ್ರಿಯ ಕಿವಿಗೆ ಹಾಕಿಡಲಿ.