ಗಾಜಿನ ಪೆಟ್ಟಿಗೆಯಲ್ಲೊಂದು ಸಮುದ್ರ

ಕಡಲಿಲ್ಲದ ಸೀಮೆಯಲ್ಲಿ ನಮ್ಮ ಹಿರಿಯರು ಕೆರೆಗೆ ಸಮುದ್ರವೆಂದು ಹೆಸರಿಟ್ಟರು. ಇಂದಿನ ಹಳೇಬೀಡು ಹೊಯ್ಸಳರ ಕಾಲದ ದೋರಸಮುದ್ರ. ಹೆಸರು ದೊಡ್ಡದಾದಂತೆ ಹೊಣೆಯೂ ದೊಡ್ಡದು. ಏರಿ ಕಟ್ಟಿದಲ್ಲಿಗೆ ಅವರ ಕೆಲಸ ಮುಗಿಯಲಿಲ್ಲ. ಯಗಚಿಯ ನೀರು ಬರಲೆಂದು ನಾಲೆ ತೆಗೆದರು; ಹೆಚ್ಚಾದದ್ದು ಹರಿದುಹೋಗಲೆಂದು ಕೋಡಿ ಇಟ್ಟರು; ಗದ್ದೆಗೆ ನೀರು ಬಿಡಲು ತೂಬು ಕಟ್ಟಿದರು. ಬರುವ ದಾರಿ, ಹೋಗುವ ದಾರಿ ಎರಡೂ ಇದ್ದರೆ ಮಾತ್ರ ನಿಂತ ನೀರಿಗೆ ಜೀವವಿರುತ್ತದೆ ಎಂಬುದನ್ನು ಅವರು ಅರಿತಿದ್ದರು.

ಈ ಮಾತು ನಮಗೆ ಮತ್ತೆ ನೆನಪಾದದ್ದು ಅರಸೀಕೆರೆಯ ಭಕ್ತರೊಬ್ಬರ ಮನೆಯಲ್ಲಿ. ಬೇಲೂರಿನಿಂದ ಹಳೇಬೀಡು, ಜಾವಗಲ್ಲು, ಬಾಣಾವರ ಮಾರ್ಗವಾಗಿ ಅಲ್ಲಿಗೆ ಹೋದಾಗ ಬಿಸಿಲು ಕಡುವಾಗಿತ್ತು. ಪಡಸಾಲೆಯಲ್ಲಿ ಮೂರಡಿ ಉದ್ದದ ಗಾಜಿನ ಪೆಟ್ಟಿಗೆ. ಅದರೊಳಗೆ ಹವಳದ ಮರಳು, ಕಲ್ಲುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯುಳ್ಳ ಎರಡು ಕಡಲ ಮೀನುಗಳು. ಮನೆಯ ಮೊಮ್ಮಗ ಕೂಡಿಟ್ಟ ಹಣದಿಂದ ಮಾಡಿಕೊಂಡ ಸಮುದ್ರ ಅದು. ಮೊದಲು ನಾಲ್ಕು ಮೀನುಗಳಿದ್ದವಂತೆ. ಎರಡು ಸತ್ತಿದ್ದವು. ಉಳಿದೆರಡು ಬೆಳಗಿನ ಜಾವ ಮೇಲ್ಮೈಗೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

ಮನೆಯ ಅಜ್ಜಿ ನೇರವಾಗಿಯೇ ಹೇಳಿದರು: “ಅಯ್ಯನವರೇ, ಇರುವೆಯನ್ನೂ ತುಳಿಯದ ಮನೆ ಇದು. ತಂದು ಸಾಯಿಸುವುದಾದರೆ ಈ ಪೆಟ್ಟಿಗೆ ನಮಗೆ ಬೇಡ. ನೀವೇ ಹುಡುಗನಿಗೆ ಹೇಳಿ.” ಹುಡುಗ ತಲೆ ಎತ್ತಲಿಲ್ಲ. ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ; ಹುಡುಗನ ಪ್ರೀತಿಯಲ್ಲೂ ಸುಳ್ಳಿರಲಿಲ್ಲ. ನಾವು ನೀರನ್ನು ನೋಡಿ, “ನೀರು ಅಲುಗುತ್ತಿಲ್ಲವಲ್ಲ, ದೊಡ್ಡ ಪಂಪು ಹಾಕಪ್ಪಾ” ಎಂದು ಹೇಳಿ ಬಂದೆವು.

ಅರೆ ತಿಳಿವಳಿಕೆಯ ಸಲಹೆ ಅದು. ಹದಿನೈದು ದಿನಗಳಲ್ಲಿ ಸುದ್ದಿ ಬಂತು. ದೊಡ್ಡ ಪಂಪಿನ ರಭಸಕ್ಕೆ ಮರಳೆದ್ದು ನೀರೆಲ್ಲ ಕದಡಿ, ಮೀನುಗಳು ಮೂಲೆ ಸೇರಿದ್ದವು. ಆಗ ನಾವು ನಾಚಿ, ಮೀನುಗಾರಿಕೆ ಓದಿದ ಮಂಗಳೂರಿನ ಪರಿಚಿತರೊಬ್ಬರನ್ನು ವಿಚಾರಿಸಿದೆವು. ಅವರು ತಿಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪೆಟ್ಟಿಗೆಗಳು ಈಗ ಅನೇಕ ಮನೆಗಳಲ್ಲಿವೆ.

ಮೊದಲನೆಯದಾಗಿ, ಮೀನು ಏಕೆ ಬಾಯಿ ತೆರೆಯುತ್ತದೆ? 25 ಡಿಗ್ರಿ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಅದೇ ಉಷ್ಣತೆಯ ಕಡಲ ನೀರು 7 ಮಿಲಿಗ್ರಾಂ ಕೂಡ ಹಿಡಿಯದು. ಉಷ್ಣತೆ 30 ಡಿಗ್ರಿಗೆ ಏರಿದರೆ ಅದು 6ರ ಸಮೀಪಕ್ಕೆ ಇಳಿಯುತ್ತದೆ. ಉಪ್ಪು ಮತ್ತು ಬಿಸಿ ಎರಡೂ ಆಮ್ಲಜನಕದ ವೈರಿಗಳು. ಇರುಳಿನಲ್ಲಿ ಬೆಳಕಿಲ್ಲದೆ ಪಾಚಿಯೂ ಆಮ್ಲಜನಕವನ್ನು ಕೊಡುವುದಿಲ್ಲ, ತಾನೇ ಬಳಸಿಕೊಳ್ಳುತ್ತದೆ. ಆದ್ದರಿಂದಲೇ ಸಂಕಟ ಹೆಚ್ಚುವುದು ನಸುಕಿನಲ್ಲಿ. ಇನ್ನೊಂದು ಸಂಗತಿಯಿದೆ. ಮೀನಿನ ಕಲ್ಮಷದಿಂದ ಹುಟ್ಟುವ ಅಮೋನಿಯಾ ವಿಷವನ್ನು ಕಲ್ಲಿನ ಸಂದುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಅವುಗಳಿಗೂ ಆಮ್ಲಜನಕ ಬೇಕು. ನೀರು ಸುಳಿಯದ ಮೂಲೆಯಲ್ಲಿ ಅವುಗಳ ಕೆಲಸ ಕುಂದುತ್ತದೆ, ಕೊಳೆ ಶೇಖರವಾಗುತ್ತದೆ.

ಆಮ್ಲಜನಕ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ಹುಡುಗನ ಪಂಪು ತಳದ ಮೂಲೆಯಲ್ಲಿತ್ತು. ಮೇಲೆ ಎಣ್ಣೆಯಂತಹ ತೆಳುಪೊರೆ ಕಟ್ಟಿತ್ತು. ತಳದಲ್ಲಿ ಎಷ್ಟು ರಭಸವಿದ್ದರೇನು, ಮೇಲಿನ ಬಾಗಿಲು ಮುಚ್ಚಿದ್ದರೆ ಉಸಿರು ಒಳಗೆ ಬಾರದು. ಗಾಳಿಗುಳ್ಳೆ ಬಿಡುವ ಯಂತ್ರದ ಉಪಯೋಗವೂ ಬಹುಮಟ್ಟಿಗೆ ಗುಳ್ಳೆಗಳು ಮೇಲ್ಮೈಯನ್ನು ಕಲಕುವುದರಲ್ಲೇ ಇದೆ.

ಮಾಡಬೇಕಾದುದು ಹೀಗೆ. ಆ ಪೆಟ್ಟಿಗೆಯಲ್ಲಿ ಕಲ್ಲು, ಮರಳು ಕಳೆದು ಸುಮಾರು 150 ಲೀಟರು ನೀರಿತ್ತು. ಗಂಟೆಗೆ ನೀರಿನ ಪ್ರಮಾಣದ 10ರಿಂದ 20 ಪಟ್ಟು ಚಲನೆ ಇರಬೇಕೆಂಬುದು ರೂಢಿಯ ಲೆಕ್ಕ. ಅಂದರೆ 1500ರಿಂದ 3000 ಲೀಟರು. ಮೀನುಗಳಷ್ಟೇ ಇದ್ದರೆ ಕೆಳಗಿನ ಲೆಕ್ಕವೇ ಸಾಕು. ಆದರೆ ಇದನ್ನು ಒಂದೇ ದೊಡ್ಡ ಪಂಪಿನಿಂದ ಸಾಧಿಸಬಾರದು. ಎರಡು ಚಿಕ್ಕ ಪಂಪುಗಳನ್ನು ಎದುರುಬದುರಾಗಿ, ಮೇಲಿನ ಮೂರನೆಯ ಒಂದು ಭಾಗದಲ್ಲಿ, ಬಾಯಿಯನ್ನು ಸ್ವಲ್ಪ ಮೇಲ್ಮುಖವಾಗಿಸಿ ಇಡಬೇಕು. ಎರಡು ಧಾರೆಗಳು ನಡುವೆ ಸಂಧಿಸಿ ಮುರಿದು ಹರಡುತ್ತವೆ. ಮೇಲ್ಮೈ ಸದಾ ನಡುಗುತ್ತದೆ. ಮೀನಿಗೆ ನೇರ ಹೊಡೆತ ತಾಗದು. ಕಲ್ಲುಗಳನ್ನು ಹಿಂಬದಿಯ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸದೆ, ನಾಲ್ಕು ಬೆರಳು ಬಿಟ್ಟು, ನಡುವೆ ಕಿಂಡಿಗಳಿರುವಂತೆ ಜೋಡಿಸಬೇಕು. ಒಂದು ಚಿಟಿಕೆ ಆಹಾರ ಬಿಟ್ಟು ನೋಡಿದರೆ ಅದು ಎಲ್ಲಿ ಸುತ್ತುತ್ತದೆ, ಎಲ್ಲಿ ಹೋಗಿ ನಿಂತುಬಿಡುತ್ತದೆ ಎಂಬುದು ಕಾಣುತ್ತದೆ. ನಿಂತ ಜಾಗವೇ ರೋಗದ ಜಾಗ.

ಬೇಸಗೆಯಲ್ಲಿ ಮೇಲ್ಮೈಗೆ ಸಣ್ಣ ಫ್ಯಾನು ಬೀಸಿದರೆ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆರಿದ್ದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಮೆಯಾದದ್ದನ್ನು ಸಿಹಿನೀರಿನಿಂದಲೇ ತುಂಬಬೇಕು. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಬಳಸದೆ ಶುದ್ಧೀಕರಿಸಿದ ನೀರನ್ನು ಬಳಸುವುದು ಲೇಸು. ಪಂಪಿನ ಬಾಯಿಗೆ ಸುಣ್ಣದ ಪೊರೆ ಕಟ್ಟಿದರೆ ತಿಂಗಳಿಗೊಮ್ಮೆ ಹೊರತೆಗೆದು ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಮರಳಿ ಇಡಬೇಕು. ಉಪ್ಪುನೀರು ವಿದ್ಯುತ್ತಿನ ವಾಹಕ. ಕೈ ಹಾಕುವ ಮುನ್ನ ಪ್ಲಗ್ಗನ್ನು ಕೀಳದೆ ಇರಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕರೆಂಟು ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿಯ ಗಾಳಿಯಂತ್ರವೊಂದು ಇರಲೇಬೇಕು. ತುಂಬಿದ ಪೆಟ್ಟಿಗೆಯಲ್ಲಿ ಕೆಲವೇ ಗಂಟೆಗಳ ನಿಲುಗಡೆ ಮೀನಿನ ಪ್ರಾಣಕ್ಕೆ ಸಾಕು.

ಕೊಳ್ಳುವಾಗಲೂ ವಿವೇಕವಿರಲಿ. ಈ ಪಟ್ಟೆಯ ಮೀನನ್ನು ಕಡಲಿನಿಂದ ಹಿಡಿಯದೆಯೇ ಮರಿಮಾಡಿಸಿ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆ ಸಾಧಿಸಿದೆ. ಅಂತಹ ಮರಿಗಳನ್ನೇ ಕೇಳಿ ಪಡೆಯಬೇಕು. ನಮ್ಮ ಕಡಲಿನ ಗಟ್ಟಿ ಹವಳ, ಕಡಲ ಕುದುರೆಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಅವು ಮನೆಗೆ ಬರತಕ್ಕವಲ್ಲ.

ಮೂರು ತಿಂಗಳ ಬಳಿಕ ಮತ್ತೆ ಆ ಮನೆಗೆ ಹೋಗಿದ್ದೆವು. ಎರಡು ಮೀನುಗಳೂ ಇದ್ದವು. ಹೊಸದನ್ನು ಹುಡುಗ ತಂದಿರಲಿಲ್ಲ. ನಾವು ಪ್ರಸಾದಕ್ಕೆ ಕುಳಿತಿದ್ದಾಗ ಕರೆಂಟು ಹೋಯಿತು. ಅಜ್ಜಿ ಬಡಿಸುತ್ತಿದ್ದ ಸೌಟನ್ನು ಸೊಸೆಯ ಕೈಗೆ ಕೊಟ್ಟು ಪಡಸಾಲೆಗೆ ಹೋದರು. ಸ್ವಲ್ಪ ಹೊತ್ತಿಗೆ ಮರಳಿ ಬಂದು, “ಗುಳ್ಳೆ ಬರುತ್ತಿದೆ, ಊಟ ಮಾಡಿ” ಎಂದರು. ಪೆಟ್ಟಿಗೆಯನ್ನು ಹೊರಗೆ ಹಾಕುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಹಳೇಬೀಡಿನ ಸಮೀಪದ ಹುಲಿಕೆರೆಯ ಕಲ್ಯಾಣಿಯನ್ನು ಕಂಡವರಿಗೆ ಗೊತ್ತು: ಎಷ್ಟು ಚೆಲುವಾದ ಸೋಪಾನಗಳಿದ್ದರೂ ನಿಂತ ನೀರನ್ನು ಮನುಷ್ಯರ ಕೈಯೇ ಕಾಯಬೇಕು. ಕೆರೆಗೆ ಮಳೆಯ ನೆರವುಂಟು, ಕಡಲಿಗೆ ಅಲೆಯ ನೆರವುಂಟು. ಗಾಜಿನ ಪೆಟ್ಟಿಗೆಗೆ ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ. ಅಲೆಯಾಗಿ ನಿಲ್ಲಲು ಸಿದ್ಧರಿರುವವರು ಮಾತ್ರ ಸಮುದ್ರವನ್ನು ಮನೆಗೆ ತರಬೇಕು.