ಹೆಸರಿಡುವ ಮೊದಲೇ ಜಾಗ ಅಗೆಯಬೇಡಿ



ಗಿಡ ಅಂದ ಮೇಲೆ ಹಸಿರು ಇರಲೇಬೇಕು ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಎಲೆಯೂ ಇಲ್ಲದ, ಪತ್ರಹರಿತ್ತೂ ಇಲ್ಲದ ಗಿಡಗಳು ಕಾಡಿನಲ್ಲಿವೆ. ಅವು ಬಿಸಿಲಿನಿಂದ ಆಹಾರ ತಯಾರಿಸುವುದಿಲ್ಲ. ಮಣ್ಣಿನೊಳಗಿನ ಶಿಲೀಂಧ್ರದ ಎಳೆಗಳಿಂದ ಆಹಾರ ಪಡೆಯುತ್ತವೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಎಪಿಪೋಜಿಯಂ ರೋಸಿಯಂ ಎಂಬ ಸೀತಾಳೆ ಜಾತಿಯ ಗಿಡ ಹೀಗೇ ಬದುಕುತ್ತೆ. ವರ್ಷವೆಲ್ಲ ಮಣ್ಣಿನಡಿ ಇದ್ದು, ಮಳೆಗಾಲದಲ್ಲಿ ಕೆಲವೇ ದಿನ ಹೂ ಬಿಟ್ಟು ಮಾಯವಾಗುತ್ತೆ.

ಜಪಾನ್ ದೇಶದ ಕೋಬೆ ನಗರದಲ್ಲಿ 1992ರಲ್ಲಿ ಇಂಥದ್ದೇ ಒಂದು ಪುಟ್ಟ ಗಿಡ ಸಿಕ್ಕಿತು. ಸಿಕ್ಕಿದ್ದು ಒಂದೇ ಒಂದು. ಅದು ಬೆಳೆದಿದ್ದ ಜಾಗದಲ್ಲಿ ಆಮೇಲೆ ಕೈಗಾರಿಕಾ ಪ್ರದೇಶ ಕಟ್ಟಿದರು. ಗಿಡ ಮತ್ತೆ ಕಾಣಲಿಲ್ಲ. 2018ರಲ್ಲಿ ಕೋಬೆ ವಿಶ್ವವಿದ್ಯಾನಿಲಯದ ಕೆಂಜಿ ಸುಯೆಟ್ಸುಗು ಮತ್ತು ಜೊತೆಯವರು ಆ ಹಳೇ ಮಾದರಿ ನೋಡಿ, ಇದು ಹೊಸ ಪ್ರಭೇದ ಎಂದು ಥಿಸ್ಮಿಯ ಕೋಬೆನ್ಸಿಸ್ ಅಂತ ಹೆಸರಿಟ್ಟರು. ಹೆಸರಿಡುವಾಗ ಗಿಡವೇ ಇರಲಿಲ್ಲ! ಅದೃಷ್ಟಕ್ಕೆ 2021ರಲ್ಲಿ ಸುಮಾರು 30 ಕಿಲೋಮೀಟರ್ ದೂರದ ಸಾಂಡ ಎಂಬಲ್ಲಿ ಅದು ಪುನಃ ಸಿಕ್ಕಿತು.

ಎಲ್ಲ ಗಿಡಕ್ಕೂ ಇಂಥ ಅದೃಷ್ಟ ಇರುವುದಿಲ್ಲ. ಅಮೆರಿಕದ ಶಿಕಾಗೋದಲ್ಲಿ 1912ರಲ್ಲಿ ನಾರ್ಮಾ ಫೈಫರ್ ಎಂಬ ವಿದ್ಯಾರ್ಥಿನಿ ಇದರ ಬಂಧುವಾದ ಥಿಸ್ಮಿಯ ಅಮೆರಿಕಾನ ಎಂಬ ಗಿಡ ಕಂಡುಹಿಡಿದಳು. 1916ರ ನಂತರ ಅದನ್ನು ಯಾರೂ ನೋಡಿಲ್ಲ. ಅಲ್ಲೂ ಕಾರ್ಖಾನೆಗಳು ಬಂದವು.

"ಬೆರಳುದ್ದದ ಗಿಡ ಹೋದ್ರೆ ಏನಾಯ್ತು? ಅದ್ರಿಂದ ಏನುಪಯೋಗ? ಅದು ಅಣಬೆ ಹತ್ರ ಕದ್ದು ತಿನ್ನುತ್ತೆ" ಅಂತ ಕೆಲವರು ಕೇಳಬಹುದು. ಕದ್ದರೂ ಅದು ಬದುಕಬೇಕಾದರೆ ಕೆಳಗೆ ಶಿಲೀಂಧ್ರ ಚೆನ್ನಾಗಿರಬೇಕು. ಶಿಲೀಂಧ್ರ ಮರದ ಬೇರಿಗೆ ನೀರು, ರಂಜಕ ತಂದುಕೊಡುತ್ತೆ. ಮರ ಅದಕ್ಕೆ ಸಕ್ಕರೆ ಕೊಡುತ್ತೆ. ನಮ್ಮ ಹೊಲದ ರಾಗಿ ಬೇರಿನಲ್ಲೂ ಇಂಥ ಶಿಲೀಂಧ್ರ ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಡಿ.ಜೆ. ಭಾಗ್ಯರಾಜ್ ಅವರು ಇದರ ಮೇಲೆ ಬಹಳ ವರ್ಷ ಸಂಶೋಧನೆ ಮಾಡಿದ್ದಾರೆ. ಆದ್ದರಿಂದ ಎಲೆ ಇಲ್ಲದ ಆ ಗಿಡ ಕಂಡರೆ, ಅಲ್ಲಿನ ಮಣ್ಣು ಜೀವಂತವಾಗಿದೆ ಅಂತ ಅರ್ಥ.

ಕಾರ್ಖಾನೆ ಬೇಡ, ರಸ್ತೆ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಮಂಡಕಳ್ಳಿಯಲ್ಲೇ ವಿಮಾನ ಇಳಿಯುತ್ತೆ, ಅದನ್ನು ನೋಡೋಕೆ ನಮಗೆಲ್ಲ ಖುಷಿ. ನಾನು ಕೇಳುವುದು ಇಷ್ಟೇ. ಕಾಡು ಕಡಿಯುವ ಮೊದಲು ತಿಳಿದವರು ಒಂದು ಮಳೆಗಾಲ ಪೂರ್ತಿ ಅಲ್ಲಿ ಓಡಾಡಿ ನೋಡಲಿ. ಬೇಸಿಗೆಯಲ್ಲಿ ಒಂದು ದಿನ ಬಂದು "ಇಲ್ಲೇನೂ ಇಲ್ಲ" ಅಂತ ಬರೆದುಕೊಂಡು ಹೋದರೆ ಸಾಲದು. ಮಣ್ಣಿನಡಿ ಇರುವುದು ಆಗ ಹೇಗೆ ಕಾಣುತ್ತೆ?

ನಾವೂ ಒಂದು ಕೆಲಸ ಮಾಡಬಹುದು. ಚಾಮುಂಡಿ ಬೆಟ್ಟಕ್ಕೆ ಹೋದಾಗ ತರಗೆಲೆಗೆ ಬೆಂಕಿ ಹಾಕುವುದು ಬೇಡ, ಯಾರಾದರೂ ಹಾಕಿದರೆ ದೊಡ್ಡವರಿಗೆ ಹೇಳೋಣ. ಅಣಬೆ ಕಂಡರೆ ಕಾಲಲ್ಲಿ ಒದೆಯುವುದೂ ಬೇಡ. ಮಳೆ ಬಂದ ಮೇಲೆ ಬಗ್ಗಿ ನೋಡೋಣ. ಶಿಕಾಗೋದಲ್ಲಿ ಕಂಡುಹಿಡಿದವಳೂ ಒಬ್ಬ ವಿದ್ಯಾರ್ಥಿನಿಯೇ ಅಲ್ವಾ?

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

– 7ನೇ ತರಗತಿ